ಬಂದರು ಖಾಲಿಯಿರಲಿಲ್ಲ

ಮಂಗಳೂರಿನ ಹಳೆ ಬಂದರಿನ ಫೋಟೋ ಕಂಡಾಗಲೆಲ್ಲ ನಮ್ಮಲ್ಲಿ ಒಂದು ಉದ್ಗಾರ ಹೊರಡುತ್ತದೆ: ‘ಆಗ ಎಷ್ಟು ಪ್ರಶಾಂತವಾಗಿತ್ತು!’ ಕಲೆಯ ಬಗ್ಗೆ ಓದಿಕೊಂಡವರು ಚಿತ್ರದ ಸಂಯೋಜನೆಯನ್ನೂ ಹೊಗಳುತ್ತಾರೆ. ನಿಶ್ಚಲ ನೀರು, ಬರಿದಾದ ಆಕಾಶ, ದೂರದಲ್ಲಿ ಒಂದೆರಡು ಮಂಜಿ. ಈ ಹೊಗಳಿಕೆಗೆ ನನ್ನ ತಕರಾರಿದೆ. ಆ ಶಾಂತಿ ಬಂದರಿನದ್ದಲ್ಲ, ಕ್ಯಾಮೆರಾದ್ದು.

1851ರಲ್ಲಿ ಬಂದ ಒದ್ದೆ ಗಾಜಿನ ವಿಧಾನದಲ್ಲಿ, ಗಾಜಿಗೆ ರಾಸಾಯನಿಕ ಹಚ್ಚಿ ಅದು ಆರುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಿತ್ತು. ಅದಕ್ಕೆ ಹತ್ತಿರದಲ್ಲೇ ಕತ್ತಲೆಯ ಡೇರೆ ಬೇಕು. ನೂಕುನುಗ್ಗಲಿನ ದಕ್ಕೆಗಿಂತ ದೂರದ ದಿಬ್ಬವೇ ಅನುಕೂಲ. ಗಾಜನ್ನು ಬೆಳಕಿಗೆ ಒಡ್ಡಲು ಸಾಮಾನ್ಯವಾಗಿ ಕೆಲವು ಸೆಕೆಂಡುಗಳಾದರೂ ಹಿಡಿಯುತ್ತಿದ್ದವು. ಅಷ್ಟರಲ್ಲಿ ಅಲೆ ನುಣ್ಣಗಾಗುತ್ತದೆ. ಹೊರೆ ಹೊತ್ತು ನಡೆದವನು ಮಸುಕು ಗೆರೆಯಾಗುತ್ತಾನೆ, ಇಲ್ಲವೇ ಮಾಯವಾಗುತ್ತಾನೆ.

ಹಾಗಾದರೆ ಫೋಟೋ ತೆಗೆದವರ ಕೈಯಲ್ಲಿ ಏನೂ ಇರಲಿಲ್ಲವೇ? ಇತ್ತು. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ 1857ರಲ್ಲಿ ಸೆತ್ ಬಂದರಿನಲ್ಲಿ ಏಳುವ ಅಲೆಯನ್ನೇ ಹಿಡಿದ. ಕಡಲು, ಆಕಾಶ ಎರಡೂ ಒಂದೇ ಗಾಜಿನಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲವೆಂದು ಎರಡು ನೆಗೆಟಿವ್ ಸೇರಿಸಿ ಅಚ್ಚು ಹಾಕಿದ. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ತೆಗೆಯಬೇಕು, ಯಾರನ್ನು ಅಲುಗದಂತೆ ನಿಲ್ಲಿಸಬೇಕು ಎಂಬುದೆಲ್ಲ ಆಯ್ಕೆಯೇ. 1838ರಲ್ಲಿ ದಾಗೆರ್ ತೆಗೆದ ಪ್ಯಾರಿಸ್ ಬೀದಿಯಲ್ಲಿ ಓಡಾಡುತ್ತಿದ್ದವರೆಲ್ಲ ಅಳಿಸಿಹೋಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತವನು ಉಳಿದ. ಬಂದರಿನಲ್ಲಿ ಹಾಗೆ ನಿಲ್ಲುವ ಪುರುಸೊತ್ತು ಯಾರಿಗಿತ್ತು?

ಕಡಲು ಕಾಣದ ಬೆಳುವಾಯಿಗೆ ಇದರಿಂದೇನು ಎನ್ನುವವರು ತಲೆಯೆತ್ತಿ ಮಾಡಿನ ಹಂಚು ನೋಡಲಿ. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ನಮ್ಮ ಮನೆಗಳನ್ನು ಹೊದೆಸಿದ ಆ ಹಂಚು ಕಡಲನ್ನೂ ದಾಟಿತು. ಅಳಿವೆಯ ಮರಳದಿಣ್ಣೆಯಿಂದಾಗಿ ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕುತ್ತಿದ್ದವು. ಹಂಚು, ಕಾಫಿ, ಅಕ್ಕಿ ಎಲ್ಲವೂ ದಕ್ಕೆಯಿಂದ ದೋಣಿಗೆ, ದೋಣಿಯಿಂದ ಹಡಗಿಗೆ ಏರಬೇಕಿತ್ತು. ಒಂದೇ ಸರಕಿಗೆ ಎರಡೆರಡು ಸಲ ಬೆವರು. ಇಂಥ ಜಾಗವನ್ನು ಪ್ರಶಾಂತ ಎನ್ನುವುದು ಆ ದುಡಿಮೆಯನ್ನು ಎರಡನೇ ಸಲ ಅಳಿಸಿದಂತೆ.

ಮೂರನೇ ಸಲ ಅಳಿಸುವ ಕೆಲಸ ಈಗ ನಡೆದಿದೆ. ಹಳೆಯ ಚಿತ್ರಗಳಿಗೆ ಬಣ್ಣ ತುಂಬಿ, ಮಸುಕನ್ನೆಲ್ಲ ಕೊಳೆಯೆಂದು ಒರೆಸಿ, ‘ಚೊಕ್ಕ’ ಮಾಡಿ ಮೊಬೈಲಿನಿಂದ ಮೊಬೈಲಿಗೆ ದಾಟಿಸುತ್ತಾರೆ. ಅಭಿಮಾನದಿಂದಲೇ ಮಾಡುತ್ತಾರೆ, ಒಪ್ಪುತ್ತೇನೆ. ಆದರೆ ದಡದಂಚಿನ ಆ ಮಸುಕು, ನಿಲ್ಲಲು ಪುರುಸೊತ್ತಿಲ್ಲದ ಒಬ್ಬ ಮನುಷ್ಯನಿದ್ದಿರಬಹುದು. ಅವನ ಹೆಸರು ಎಲ್ಲೂ ಬರೆದಿಲ್ಲ. ಅವನು ಇದ್ದ ಎನ್ನಲು ಉಳಿದಿರುವುದು ಅದೊಂದೇ. ದಯವಿಟ್ಟು ಅದನ್ನು ಒರೆಸಬೇಡಿ.