ಡಬ್ಬದ ಮೇಲಿನ ಹತ್ತು ಕಿಲೋಮೀಟರು

ಕಮಲಾಪುರದಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿ. ಬೇಸಿಗೆ ರಜೆ. ಹತ್ತನೆಯ ತರಗತಿ ಮುಗಿಸಿದ ಅಣ್ಣ, ಏಳನೆಯ ತರಗತಿಗೆ ಹೋಗಲಿರುವ ತಂಗಿ. ಇಬ್ಬರಿಗೂ ಒಂದು ಜೊತೆ ವಾಕಿ-ಟಾಕಿ ಬೇಕು. ಡಬ್ಬದ ಮೇಲೆ ‘ಹತ್ತು ಕಿಲೋಮೀಟರು’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಹಂಪಿಯ ವಿರೂಪಾಕ್ಷ ಗುಡಿ ಅವರ ಮನೆಯಿಂದ ನಾಲ್ಕೈದು ಕಿಲೋಮೀಟರು. ಗುಡಿಯ ಬಾಗಿಲಲ್ಲಿ ನಿಂತು ಮನೆಯಲ್ಲಿರುವ ಅವ್ವನ ಜೊತೆ ಮಾತನಾಡಬಹುದು ಎಂಬುದು ಮಕ್ಕಳ ಲೆಕ್ಕ. ‘ಮನೆಯಲ್ಲಿ ಎರಡು ಮೊಬೈಲು ಇರುವಾಗ ಇದ್ಯಾಕೆ?’ ಎಂಬುದು ಅಪ್ಪನ ಪ್ರಶ್ನೆ.

ಎರಡೂ ಕಡೆ ಹುರುಳಿದೆ. ಆದರೆ ಕೊಳ್ಳುವ ಮೊದಲು ತಿಳಿದುಕೊಳ್ಳಬೇಕಾದ ಸಂಗತಿಗಳು ಡಬ್ಬದ ಮೇಲಿನ ಆ ದಪ್ಪಕ್ಷರಗಳಲ್ಲಿ ಇಲ್ಲ.

ಮೊದಲು ಅಪ್ಪನ ಪ್ರಶ್ನೆ. ಮೊಬೈಲಿನಲ್ಲಿ ಆಡಿದ ಮಾತು ನೇರವಾಗಿ ಇನ್ನೊಬ್ಬರಿಗೆ ಹೋಗುವುದಿಲ್ಲ. ಹತ್ತಿರದ ಗೋಪುರಕ್ಕೆ ಹೋಗಿ, ಅಲ್ಲಿಂದ ಕಂಪನಿಯ ಜಾಲವನ್ನು ಸುತ್ತಿ ಬರುತ್ತದೆ. ಗೋಪುರ ಕೈಕೊಟ್ಟರೆ ಅಥವಾ ಜಾತ್ರೆಯಂಥ ಜನಜಂಗುಳಿಯಲ್ಲಿ ಎಲ್ಲರೂ ಒಮ್ಮೆಲೇ ಕರೆ ಮಾಡಿದರೆ ಮಾತು ನಿಲ್ಲುತ್ತದೆ. ವಾಕಿ-ಟಾಕಿಗೆ ನಡುವಿನ ದಲ್ಲಾಳಿ ಇಲ್ಲ. ಗುಂಡಿ ಒತ್ತಿದಾಗ ಅದು ಪ್ರೇಷಕ, ಬಿಟ್ಟಾಗ ಗ್ರಾಹಕ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಕೇಳಲೇಬೇಕು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಬಳಸಿದ ಕೈಯಲ್ಲಿ ಹಿಡಿಯುವ ಸೆಟ್ಟು ಎರಡು ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಈಗಿನದು ಅಂಗಿಯ ಜೇಬಿಗೆ ಹೊಂದುತ್ತದೆ. ಕೆಲಸದ ತತ್ವ ಮಾತ್ರ ಬದಲಾಗಿಲ್ಲ.

ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ದೂರ?’ ಎಂಬುದಲ್ಲ, ‘ಯಾವ ಆವರ್ತನ?’ ಎಂಬುದು. ಆಕಾಶ ಎಲ್ಲರದೂ ಹೌದು, ಆದರೆ ಅದರಲ್ಲಿ ಪೊಲೀಸರಿಗೆ, ವಿಮಾನಗಳಿಗೆ, ಅಗ್ನಿಶಾಮಕ ದಳಕ್ಕೆ, ರೈಲ್ವೆಗೆ ಬೇರೆ ಬೇರೆ ಓಣಿಗಳನ್ನು ಗುರುತುಮಾಡಿ ಕೊಡಲಾಗಿದೆ. ಜನಸಾಮಾನ್ಯರು ಪರವಾನಗಿ ಇಲ್ಲದೆ ಇಂಥ ಸಣ್ಣ ಸೆಟ್ಟು ಬಳಸಲು 2018ರ ಕೇಂದ್ರ ಸರ್ಕಾರದ ನಿಯಮ 446.0ರಿಂದ 446.2 ಮೆಗಾಹರ್ಟ್ಸ್ ವರೆಗಿನ ಕಿರಿದಾದ ಓಣಿಯೊಂದನ್ನು ಬಿಟ್ಟುಕೊಟ್ಟಿತು. ಇಲ್ಲಿಗೆಂದು ತಯಾರಾಗುವ ಸೆಟ್ಟುಗಳ ಶಕ್ತಿ ಸಾಮಾನ್ಯವಾಗಿ ಅರ್ಧ ವ್ಯಾಟು. ಆ ಮಾದರಿಗೆ ದೂರಸಂಪರ್ಕ ಇಲಾಖೆಯ ಅನುಮೋದನೆಯೂ ಇರಬೇಕು. ಅದನ್ನು ಅಂಗಡಿಯವರು ‘ಇಟಿಎ’ ಎನ್ನುತ್ತಾರೆ. ಆವರ್ತನ, ಅನುಮೋದನೆಗಳ ವಿವರವಿಲ್ಲದೆ ಆನ್‌ಲೈನ್ ಅಂಗಡಿಗಳಲ್ಲಿ ವಾಕಿ-ಟಾಕಿಗಳು ಮಾರಾಟವಾಗುತ್ತಿದ್ದುದನ್ನು ಕಂಡು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು.

ಮನೆಮಂದಿ ಎಡವುವುದು ಎರಡು ಕಡೆ. ಒಂದು, ಅಮೆರಿಕದಿಂದ ಬಂದ ಸೋದರಮಾವ ಪ್ರೀತಿಯಿಂದ ತಂದುಕೊಟ್ಟ ಜೋಡಿ. ಅಲ್ಲಿ ಪರವಾನಗಿ ಬೇಡದ ಸೆಟ್ಟುಗಳು 462 ಮತ್ತು 467 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಅಲ್ಲಿಯ ವಿನಾಯಿತಿ ಇಲ್ಲಿ ನಡೆಯದು. ಇನ್ನೊಂದು, ಕಡಿಮೆ ಬೆಲೆಗೆ ಸಿಗುವ ಐದು ವ್ಯಾಟಿನ ಸೆಟ್ಟು. ಅದರಲ್ಲಿ ಬೇಕಾದ ಆವರ್ತನವನ್ನು ಗುಂಡಿ ಒತ್ತಿ ಕೂರಿಸಬಹುದು. ಹುಡುಗರಿಗೆ ಅದೇ ಆಕರ್ಷಣೆ, ಅಪಾಯವೂ ಅದೇ. ಆಟಕ್ಕೆಂದು ಒತ್ತಿದ ಗುಂಡಿ ಯಾರದೋ ತುರ್ತು ಮಾತಿನ ನಡುವೆ ನುಗ್ಗಬಹುದು. ಕೇಳಿಸಿಕೊಂಡವರು ಹುಡುಕಿಕೊಂಡು ಬಂದರೆ ಉತ್ತರ ಹೇಳಬೇಕಾದವರು ಹೆತ್ತವರು.

ಇನ್ನು ದೂರದ ಮಾತು. ಈ ಆವರ್ತನದ ಅಲೆಗಳು ಹೆಚ್ಚುಕಡಿಮೆ ದೃಷ್ಟಿ ಹರಿದಷ್ಟೇ ಹೋಗುತ್ತವೆ. ಭೂಮಿ ಗುಂಡಗಿರುವುದರಿಂದ ದೃಷ್ಟಿಗೂ ಎಲ್ಲೆ ಇದೆ. ಲೆಕ್ಕ ಸುಲಭ: ನಿಂತ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಒಂದೂವರೆ ಮೀಟರು ಎತ್ತರದಲ್ಲಿ ಸೆಟ್ಟು ಹಿಡಿದವನಿಗೆ ಸುಮಾರು 4.4 ಕಿಲೋಮೀಟರು, ನೂರು ಮೀಟರು ಎತ್ತರದ ಗುಡ್ಡದ ತುದಿಯಲ್ಲಿ ನಿಂತವನಿಗೆ ಸುಮಾರು 36 ಕಿಲೋಮೀಟರು. ಡಬ್ಬದ ಮೇಲಿನ ಹತ್ತು ಕಿಲೋಮೀಟರು ಹುಟ್ಟುವುದು ಇಂಥ ಗುಡ್ಡದ ತುದಿಯಲ್ಲಿ. ಅದು ಸುಳ್ಳಲ್ಲ, ಆದರೆ ಓಣಿಯಲ್ಲಿ ನಿಂತವನಿಗೆ ನಿಜವೂ ಅಲ್ಲ. ಅರ್ಧ ವ್ಯಾಟಿನ ಸೆಟ್ಟಿನಿಂದ ತೆರೆದ ಬಯಲಿನಲ್ಲಿ ಒಂದೆರಡು ಕಿಲೋಮೀಟರು ನಿರೀಕ್ಷಿಸಬಹುದು. ಮನೆ ಮನೆಗೆ ಅಂಟಿಕೊಂಡ ಊರೊಳಗೆ ಅದಕ್ಕಿಂತ ಬಹಳ ಕಡಿಮೆ.

ಹಂಪಿಯ ಸೀಮೆಯಲ್ಲಿ ಇನ್ನೊಂದು ಅಡ್ಡಿ ಉಂಟು: ಬಂಡೆಗಳು. 446 ಮೆಗಾಹರ್ಟ್ಸ್ ಅಲೆಯ ಉದ್ದ 67 ಸೆಂಟಿಮೀಟರು, ಸುಮಾರು ಒಂದು ಮೊಳ ಚೋಟು. ಮನೆಯಷ್ಟು ದೊಡ್ಡ ಕಲ್ಲುಗುಂಡಿನ ಮುಂದೆ ಅದು ಬಲು ಚಿಕ್ಕದು. ಹಾಗಾಗಿ ಕಲ್ಲಿನ ಹಿಂದೆ ‘ನೆರಳು’ ಬೀಳುತ್ತದೆ, ಮಾತು ಅಲ್ಲಿಗೆ ತಲುಪುವುದಿಲ್ಲ. ಹಿಂದೆ ಮನೆಮನೆಯಲ್ಲಿ ಕೇಳುತ್ತಿದ್ದ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 392 ಮೀಟರು. ಅದು ಗುಡ್ಡವನ್ನೂ ಬಳಸಿಕೊಂಡು ಬರುತ್ತಿತ್ತು. ‘ಐದು ವ್ಯಾಟಿನ ಸೆಟ್ಟಾದರೆ ಹತ್ತು ಪಟ್ಟು ದೂರ ಹೋದೀತು’ ಎಂಬುದೂ ತಪ್ಪು ಲೆಕ್ಕ. ಅಡ್ಡಿಯೇ ಇಲ್ಲದ ಜಾಗದಲ್ಲೂ ದೂರ ಇಮ್ಮಡಿಯಾಗಬೇಕಾದರೆ ಶಕ್ತಿ ನಾಲ್ಕು ಪಟ್ಟು ಬೇಕು. ಶಕ್ತಿ ಹತ್ತು ಪಟ್ಟಾದರೆ ದೂರ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಬಂಡೆ ಅಡ್ಡ ಬಂದರೆ ಅದೂ ಇಲ್ಲ. ಹತ್ತು ಹೆಜ್ಜೆ ಮೇಲೇರಿ ನಿಲ್ಲುವುದೇ ಮೇಲು.

ಆದ್ದರಿಂದ ಸೆಟ್ಟನ್ನು ಅಳೆಯಲು ಒಂದು ನೋಟುಪುಸ್ತಕ ಸಾಕು. ತಂಗಿ ಅಪ್ಪನ ಜೊತೆ ಕಮಲಾಪುರದ ಕೆರೆ ಏರಿಯ ಮೇಲೆ ನಿಲ್ಲಲಿ. ಅಣ್ಣ ಹಂಪಿಯ ದಾರಿ ಹಿಡಿದು, ಇನ್ನೂರು ಹೆಜ್ಜೆಗೊಮ್ಮೆ ನಿಂತು ಒಂದು ಸಂಖ್ಯೆ ಹೇಳಲಿ. ಸೆಟ್ಟು ನೆಟ್ಟಗಿರಲಿ, ಬಾಯಿಂದ ನಾಲ್ಕು ಬೆರಳು ದೂರವಿರಲಿ. ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತನಾಡಬೇಕು, ಇಲ್ಲವಾದರೆ ಮೊದಲ ಅಕ್ಷರವೇ ನುಂಗಿಹೋಗುತ್ತದೆ. ತಂಗಿ ಕೇಳಿದ ಸಂಖ್ಯೆಯನ್ನು ಬರೆದು, ಎದುರಿಗೆ ‘ಸ್ಪಷ್ಟ’, ‘ಕರಕರ’, ‘ಇಲ್ಲ’ ಎಂದು ಗುರುತು ಹಾಕಲಿ. ಇನ್ನೊಂದು ದಿನ ಅಣ್ಣ ದೊಡ್ಡವರ ಜೊತೆ ಮಾತಂಗ ಬೆಟ್ಟ ಹತ್ತಿ ಅಲ್ಲಿಂದ ಪ್ರಯತ್ನಿಸಲಿ. ಕೆಳಗೆ, ಕಡಿಮೆ ದೂರದಲ್ಲೇ ‘ಇಲ್ಲ’ ಎಂದು ಬರೆದ ಪುಟದ ಪಕ್ಕದಲ್ಲಿ ಬೆಟ್ಟದ ಮೇಲಿನ ಫಲವನ್ನು ಬರೆದಾಗ, ಪಠ್ಯದಲ್ಲಿ ಓದಿದ ಅಲೆಗಳ ಪಾಠ ಕಣ್ಣಿಗೆ ಕಟ್ಟುತ್ತದೆ.

ಉಳಿದಂತೆ ಮೂರು ಮಾತು. ‘ಒಂದು ದಿನ ಬಾಳುವ ಬ್ಯಾಟರಿ’ ಎಂಬ ಹೇಳಿಕೆಯ ಹಿಂದೆ ಸಾಮಾನ್ಯವಾಗಿ ಒಂದು ಲೆಕ್ಕವಿದೆ: ನೂರು ನಿಮಿಷಕ್ಕೆ ಐದು ನಿಮಿಷ ಮಾತು, ಐದು ನಿಮಿಷ ಕೇಳುವುದು, ತೊಂಬತ್ತು ನಿಮಿಷ ಮೌನ. ಮಕ್ಕಳ ಕೈಯಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ನೀರಿಗೆ ಬಿದ್ದರೂ ಉಳಿಯಬೇಕಾದರೆ ‘ಐಪಿ67’ ಗುರುತು ನೋಡಬೇಕು. ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದು ಅದರ ಅರ್ಥ. ‘ಐಪಿ54’ ಎಂದಿದ್ದರೆ ಎರಚಲು ತಡೆದೀತು, ಮುಳುಗು ತಡೆಯದು. ‘ಗುಪ್ತ ಸಂಕೇತ’ ಎಂಬ ಸೌಲಭ್ಯವನ್ನಂತೂ ನಂಬಲೇಬಾರದು. ಅದು ಬೇರೆಯವರ ಮಾತು ನಮ್ಮ ಸೆಟ್ಟಿನಲ್ಲಿ ಕೇಳಿಸದಂತೆ ಮಾಡುತ್ತದೆಯೇ ಹೊರತು ನಮ್ಮ ಮಾತನ್ನು ಬೇರೆಯವರಿಂದ ಮುಚ್ಚಿಡುವುದಿಲ್ಲ. ಮನೆ ಬೀಗ ಹಾಕಿ ಊರಿಗೆ ಹೊರಟ ಸುದ್ದಿ ಅದರಲ್ಲಿ ಹೇಳುವುದಲ್ಲ.

ಅರ್ಧ ವ್ಯಾಟು ಸಾಲದು, ಇನ್ನೂ ದೂರ ಮುಟ್ಟಬೇಕು ಎಂಬ ಆಸೆ ಹುಟ್ಟಿದರೆ ಅದು ಒಳ್ಳೆಯ ಲಕ್ಷಣ. ಕಳ್ಳ ಸೆಟ್ಟಿನ ಬದಲು ಅದಕ್ಕೊಂದು ರಾಜಮಾರ್ಗವಿದೆ: ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್. ದೂರಸಂಪರ್ಕ ಇಲಾಖೆ ನಡೆಸುವ ಪರೀಕ್ಷೆಗೆ ಹನ್ನೆರಡು ವರ್ಷ ತುಂಬಿದವರು ಕೂರಬಹುದು. ಮೊದಲ ಮಟ್ಟದ ಪರೀಕ್ಷೆಗೆ ಮಾರ್ಸ್ ಸಂಕೇತ ಬೇಕಿಲ್ಲ. ವಿದ್ಯುತ್ತು, ಅಲೆಗಳು ಮತ್ತು ನಿಯಮಗಳ ತಿಳಿವಳಿಕೆ ಸಾಕು. ಪರವಾನಗಿ ಸಿಕ್ಕಾಗ ಲೋಕದಲ್ಲಿ ಇನ್ನಾರಿಗೂ ಇಲ್ಲದ ಒಂದು ಕರೆ ಹೆಸರು ಆ ಹುಡುಗನದೋ ಹುಡುಗಿಯದೋ ಆಗುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನಿಗೆ ಅಪ್ಪಳಿಸಿದಾಗ, ಹವ್ಯಾಸಕ್ಕಾಗಿ ಪೋರ್ಟ್ ಬ್ಲೇರ್‌ಗೆ ಬಂದಿದ್ದ ಭಾರತಿ ಪ್ರಸಾದ್ ಮತ್ತು ಅವರ ಸಂಗಡಿಗರ ರೇಡಿಯೊಗಳು ಹೊರಗಿನ ಲೋಕಕ್ಕೆ ಸುದ್ದಿ ಮುಟ್ಟಿಸಿದವು. ಅವರ ಹವ್ಯಾಸ ಆ ದಿನ ಸೇವೆಯಾಯಿತು.

ಕಮಲಾಪುರದ ಆ ಮನೆಯಲ್ಲಿ ಅಪ್ಪ ಒಪ್ಪಿದನೆನ್ನಿ. ಹಂಪಿಯ ದಾರಿಯಲ್ಲಿ ಬಂಡೆಯೊಂದರ ಮರೆಯಿಂದ ಅಣ್ಣನ ದನಿ ಕರಕರ ಎಂದು ಕಡಿದುಹೋಗುತ್ತದೆ. ‘ಅಣ್ಣಾ, ಕೇಳವಲ್ದು, ಮ್ಯಾಲೆ ಹತ್ತು’ ಎನ್ನುತ್ತಾಳೆ ತಂಗಿ. ಅವಳ ಮಾತು ಅವನಿಗೆ ತಲುಪಲಿಲ್ಲ. ಆದರೂ ಅವನು ತಾನೇ ತಿಳಿದು ಬಂಡೆ ಹತ್ತುತ್ತಾನೆ. ಕೆರೆ ಏರಿಯ ಮೇಲಿನ ನೋಟುಪುಸ್ತಕದಲ್ಲಿ ‘ಇಲ್ಲ’ದ ಕೆಳಗೆ ‘ಸ್ಪಷ್ಟ’ ಎಂಬ ಗುರುತು ಬೀಳುತ್ತದೆ. ಕೊಟ್ಟ ದುಡ್ಡು ಸಾರ್ಥಕವಾಯಿತೆಂದು ತಿಳಿಯಲು ಅಷ್ಟು ಸಾಕು.