ರಾಗ ಬದಲಿಸಿದ್ದು ತಪ್ಪಲ್ಲ

ಡಬ್ ಆದ ಕಾರ್ಟೂನ್‌ಗಳ ಸಂಗೀತದ ಮಾತು ಬಂದರೆ ನಿರ್ಮಾಪಕ ಹೈಮ್ ಸಬಾನ್ ಅವರನ್ನು ದೂರುವವರೇ ಹೆಚ್ಚು. ಜಪಾನಿನ ಮೂಲ ಸಂಗೀತ ಕಿತ್ತುಹಾಕಿ ತನ್ನದನ್ನು ತುಂಬಿದ ವ್ಯಾಪಾರಿ ಎಂಬುದು ಆಕ್ಷೇಪ. ಮೂಲದ ಮೇಲೆ ಹೀಗೆ ದೂರುವವರಿಗಿರುವ ಪ್ರೀತಿ ದೊಡ್ಡದು. ಆದರೂ ಅವರ ಸಿಟ್ಟು ತಪ್ಪು ಜಾಗಕ್ಕೆ ತಿರುಗಿದೆ ಎಂದೇ ನನಗನಿಸುತ್ತದೆ.

1978ರಲ್ಲಿ ಫ್ರಾನ್ಸಿನ ಟಿವಿಗೆ ಬಂದ ಜಪಾನಿ ಕಾರ್ಟೂನ್ ‘ಗೋಲ್ಡೊರಾಕ್’ ನೋಡಿ. ಜಪಾನಿನಲ್ಲಿ ಅದಕ್ಕೆ ಸಂಗೀತ ಕೊಟ್ಟವರು ಶುನ್ಸುಕೆ ಕಿಕುಚಿ. ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿ, ಇಸ್ರೇಲಿನಲ್ಲಿ ಬೆಳೆದು, ಪ್ಯಾರಿಸ್ ಸೇರಿದ್ದ ಸಬಾನ್, ಸಂಯೋಜಕ ಶುಕಿ ಲೆವಿ ಜೊತೆಗೂಡಿ ಅದಕ್ಕೆ ಫ್ರೆಂಚ್ ಹಾಡು ಕಟ್ಟಿದರು. ಹಾಡಿದ್ದು ನೋಆಮ್ ಎಂಬ ಹದಿಹರೆಯದ ಹುಡುಗ. ಆ ತಲೆಮಾರಿನ ಫ್ರೆಂಚರಿಗೆ ಅದು ತಮ್ಮ ಬಾಲ್ಯದ್ದೇ ಹಾಡು. ಭಾಷೆ ಬದಲಾದರೆ ಪ್ರಾಸ, ಒತ್ತು, ಉಸಿರು ಎಲ್ಲವೂ ಬದಲಾಗುತ್ತವೆ. ಹಾಡು ಹೊಸದಾಗಿ ಹುಟ್ಟಿದರೆ ಅಪಚಾರವೇನು?

ಅಮೆರಿಕಕ್ಕೆ ಹೋದ ಮೇಲೆ ಸಬಾನ್ ಹಿಡಿದ ದಾರಿ ಇನ್ನೂ ಸ್ವಾರಸ್ಯದ್ದು. ಕಾರ್ಟೂನ್ ತಯಾರಕರಿಗೆ ಸಂಗೀತವನ್ನು ಪುಕ್ಕಟೆ ಕೊಡುವುದು, ಅದರ ಹಕ್ಕು ಮಾತ್ರ ತಮ್ಮಲ್ಲಿ ಇಟ್ಟುಕೊಳ್ಳುವುದು. ಓಡಿದರೂ ಎಡವಿದರೂ ಹಿನ್ನೆಲೆಯಲ್ಲಿ ವಾದ್ಯ ಮೊಳಗುವ ಲೋಕವದು. ಪ್ರತಿ ಕಂತಿಗೂ ಒಂದು ಕ್ಯೂ ಶೀಟ್: ಯಾವ ತುಣುಕು, ಎಷ್ಟು ಸೆಕೆಂಡು, ಸಂಯೋಜಕರು ಯಾರು, ಪ್ರಕಾಶಕರು ಯಾರು. ಚಾನೆಲ್‌ಗಳು ಕಟ್ಟುವ ರಾಯಲ್ಟಿ ಈ ಹಾಳೆಯ ಲೆಕ್ಕದಲ್ಲೇ ಹಂಚಿಹೋಗುತ್ತದೆ, ಪ್ರತಿ ಮರುಪ್ರಸಾರಕ್ಕೂ. ಸ್ಟುಡಿಯೊಗಳು ಬರೀ ಖರ್ಚೆಂದು ಬಗೆದದ್ದರಲ್ಲಿ ಆಸ್ತಿ ಕಂಡ ಈ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ನನ್ನ ತಕರಾರು ಇರುವುದು ಆ ಹಾಳೆಯ ‘ಸಂಯೋಜಕರು’ ಎಂಬ ಕಾಲಂ ಬಗ್ಗೆ. ಸಬಾನ್ ಸಂಸ್ಥೆ 1996ರಲ್ಲಿ ಅಮೆರಿಕಕ್ಕೆ ತಂದ ಜಪಾನಿ ಕಾರ್ಟೂನ್ ‘ಡ್ರ್ಯಾಗನ್ ಬಾಲ್ ಝಡ್’ನಲ್ಲೂ ಕಿಕುಚಿ ಅವರ ಸಂಗೀತದ ಜಾಗಕ್ಕೆ ಬೇರೆಯದು ಬಂತು. ತೆರೆಯ ಮೇಲೆ ಕಂಡ ಹೆಸರುಗಳು ಲೆವಿ ಮತ್ತು ‘ಕುಸ್ಸಾ ಮಾಚಿ’. ಎರಡನೆಯದು ಸಬಾನರದೇ ಗುಪ್ತನಾಮ. 1998ರಲ್ಲಿ ಹಲವು ಸಂಯೋಜಕರು, ಸಬಾನ್ ಸಂಸ್ಥೆಗಾಗಿ ತಾವು ಬರೆದ ಸಂಗೀತ ಬೇರೆಯವರ ಹೆಸರಿನಲ್ಲಿ ದಾಖಲಾಗಿದೆ ಎಂದು ದನಿ ಎತ್ತಿದರು. ದುಡ್ಡು ಕೊಟ್ಟು ಕೊಂಡ ಮೇಲೆ ಹೆಸರಿನ ಮಾತೇಕೆ ಎಂದು ಕೇಳುವವರಿದ್ದಾರೆ. ಹಕ್ಕನ್ನು ಕೊಳ್ಳಬಹುದು, ಒಪ್ಪುತ್ತೇನೆ. ಬರೆದವರು ಯಾರು ಎಂಬ ಸತ್ಯವನ್ನೂ ಕೊಳ್ಳಬಹುದೆ?

ಈ ಪ್ರಶ್ನೆ ನಮಗೂ ಸಲ್ಲುತ್ತದೆ. ಭಾರತದಲ್ಲಿ 2012ರ ಕೃತಿಸ್ವಾಮ್ಯ ತಿದ್ದುಪಡಿ ಗೀತರಚನಕಾರರಿಗೂ ಸಂಯೋಜಕರಿಗೂ ರಾಯಲ್ಟಿಯ ಪಾಲು ಖಾತ್ರಿಪಡಿಸಿತು. ಆದರೆ ಆ ಪಾಲು ಕೈಸೇರಬೇಕಾದರೆ ಮೊದಲು ಹೆಸರು ಸರಿಯಾಗಿ ದಾಖಲಾಗಬೇಕು. ಕನ್ನಡಕ್ಕೆ ಡಬ್ ಆಗುವ ಕಾರ್ಟೂನ್‌ಗಳ ಹಾಡುಗಳನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡಿಕೊಂಡಿದ್ದಾರೆ. ಮೂಲ ರಾಗ ಉಳಿಯಿತೋ ಇಲ್ಲವೋ ಎಂದು ಜಗಳ ಕಾಯುವ ಮೊದಲು, ಕನ್ನಡದಲ್ಲಿ ಬರೆದವರ, ಹಾಡಿದವರ ಹೆಸರನ್ನು ಪ್ರತಿ ಕಂತಿನ ಕೊನೆಗೆ ಓದುವಷ್ಟು ಹೊತ್ತು ತೋರಿಸಿ ಎಂದು ಚಾನೆಲ್‌ಗಳನ್ನು ಕೇಳೋಣ.