ಅಮಾನತಾದ ಡಿಎಲ್, ಅರ್ಥವಾಗದ ವಿಮೆ: ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ, ಚಾಮರಾಜನಗರ.

ಇವರಿಂದ,
ಗುಂಡ್ಲುಪೇಟೆ ಮತ್ತು ಚಾಮರಾಜನಗರ ತಾಲ್ಲೂಕುಗಳ ಕಾರು, ಟ್ಯಾಕ್ಸಿ, ಸರಕು ವಾಹನಗಳ ಮಾಲೀಕರು ಮತ್ತು ಚಾಲಕರು.

ವಿಷಯ: ಚಾಲನಾ ಪರವಾನಗಿ ಅಮಾನತಾದವರಿಗೆ ವಿಮೆಯ ಬಗ್ಗೆ ಕನ್ನಡದಲ್ಲಿ ತಿಳಿವಳಿಕೆ ಹಾಗೂ ಗುಂಡ್ಲುಪೇಟೆಯಲ್ಲೇ ಪುನಶ್ಚೇತನ ತರಬೇತಿ ಕೋರಿ.

ಮಾನ್ಯರೇ,

ತೆರಕಣಾಂಬಿ, ಬೇಗೂರು ಕಡೆಯ ಟೊಮೆಟೊ, ಚೆಂಡು ಹೂ ಕೇರಳಕ್ಕೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 766ರಲ್ಲಿ. ಬಂಡೀಪುರದ ರಾತ್ರಿ ಸಂಚಾರ ನಿಷೇಧದಿಂದ 9 ಗಂಟೆಗೆ ಗೇಟು ಬೀಳುತ್ತದೆ. ಅಷ್ಟರೊಳಗೆ ಮದ್ದೂರು ಚೆಕ್‌ಪೋಸ್ಟ್ ದಾಟದ ಗಾಡಿ ಬೆಳಿಗ್ಗೆ 6ರವರೆಗೆ ಅಲ್ಲೇ ನಿಲ್ಲಬೇಕು. ಹೂವು ಬಾಡುತ್ತದೆ, ಬಾಡಿಗೆ ಕೈತಪ್ಪುತ್ತದೆ. ಆ ಆತುರದಲ್ಲಿ ವೇಗಮಿತಿ ಮೀರಿ ಡಿಎಲ್ ಕಳೆದುಕೊಂಡವರು ನಮ್ಮಲ್ಲಿದ್ದಾರೆ. ಆನೆ, ಜಿಂಕೆ ದಾಟುವ ರಸ್ತೆಯಲ್ಲಿ ವೇಗಕ್ಕೆ ಕಡಿವಾಣ ಬೇಕೇ ಬೇಕು. ಶಿಕ್ಷೆ ಮನ್ನಾ ಮಾಡಿ ಎಂದು ನಾವು ಕೇಳುತ್ತಿಲ್ಲ. ನಮ್ಮ ಅಹವಾಲು ಅಮಾನತಿನ ನಂತರದ ದಿನಗಳದ್ದು.

ಡಿಎಲ್ ಸಸ್ಪೆಂಡ್ ಆದರೆ ಇನ್ಶೂರೆನ್ಸೂ ಹೋಯಿತು ಎಂದು ನಂಬಿ ಪಾಲಿಸಿ ನವೀಕರಿಸದೆ ಬಿಡುವವರಿದ್ದಾರೆ. ಇನ್ನು ಕೆಲವರು ಏಜೆಂಟರ ಮಾತು ಕೇಳಿ ಹೆಚ್ಚು ಹಣ ತೆರುತ್ತಾರೆ. ಎರಡೂ ಅನ್ಯಾಯ. ಪಾಲಿಸಿ ಇರುವುದು ವಾಹನದ ಮೇಲೆ. 2022ರ ಜೂನ್ 1ರಿಂದ ಜಾರಿಗೆ ಬಂದ ಥರ್ಡ್ ಪಾರ್ಟಿ ದರಪಟ್ಟಿಯಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂ., 1500 ಸಿಸಿವರೆಗೆ 3,416 ರೂ.; ಡಿಎಲ್ ಅಮಾನತಿಗೆಂದು ಪ್ರತ್ಯೇಕ ದರ ಅಲ್ಲಿಲ್ಲ. ಡಿಎಲ್ ಚಾಲ್ತಿಯಲ್ಲಿರುವ ಮಗನೋ ಬಾಡಿಗೆ ಚಾಲಕನೋ ಅದೇ ಕಾರು ಓಡಿಸಿದರೆ ವಿಮೆಯ ರಕ್ಷಣೆ ಇದ್ದೇ ಇರುತ್ತದೆ. ಪಾಲಿಸಿ ಮುಗಿದು 90 ದಿನ ಕಳೆದರೆ ಮಾತ್ರ ವರ್ಷಗಳಿಂದ ಕೂಡಿಬಂದ ನೋ ಕ್ಲೇಮ್ ಬೋನಸ್ ಕೈಬಿಡುತ್ತದೆ.

ಅಮಾನತಾದವನೇ ಸ್ಟಿಯರಿಂಗ್ ಹಿಡಿದರೆ ಕಥೆ ಬೇರೆ. ಮೋಟಾರು ವಾಹನ ಕಾಯ್ದೆಯ 182ನೇ ಕಲಮಿನಡಿ 10,000 ರೂ. ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಪಘಾತವಾದರೆ ಸ್ವಂತ ಗಾಡಿಯ ರಿಪೇರಿ ಹಣ ಬರುವುದಿಲ್ಲ, ಮಾಲೀಕ-ಚಾಲಕನ 15 ಲಕ್ಷ ರೂ. ಅಪಘಾತ ವಿಮೆಯೂ ಸಿಗುವುದಿಲ್ಲ. ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ನೀಡಿದ ತೀರ್ಪಿನ ನಂತರ ಸಾಮಾನ್ಯವಾಗಿ ಕಂಪನಿ ನೊಂದವರಿಗೆ ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡುತ್ತದೆ. ಎರಡು ಎಕರೆ ಅರಿಶಿನ ಬೆಳೆಯುವ ಮನೆಗೆ ಲಕ್ಷಾಂತರ ರೂಪಾಯಿಯ ವಸೂಲಿ ಬಂದರೆ ಉಳಿಯುವುದು ಜಮೀನು ಮಾರುವ ದಾರಿಯೊಂದೇ.

ಇದಕ್ಕಿಂತ ಹೆಚ್ಚಾಗಿ ಜನ ಎಡವುವುದು ಅಮಾನತಿನ ಅವಧಿ ಮುಗಿದ ಮೇಲೆ. 2019ರ ತಿದ್ದುಪಡಿಯ ಪ್ರಕಾರ ಪುನಶ್ಚೇತನ ತರಬೇತಿ ಪೂರೈಸಿದರಷ್ಟೇ ಡಿಎಲ್ ಹಿಂದಿರುಗುತ್ತದೆ. ಅವಧಿ ಮುಗಿಯಿತಲ್ಲ ಎಂದು ರಸ್ತೆಗಿಳಿದವನಿಗೆ ಅಪಘಾತವಾದರೆ, ವಿಮಾ ಕಂಪನಿಗೆ ತಕರಾರು ತೆಗೆಯಲು ಅಷ್ಟೇ ಸಾಕು. ಆದ್ದರಿಂದ ತಿಂಗಳಿಗೊಮ್ಮೆಯಾದರೂ ಗುಂಡ್ಲುಪೇಟೆಯಲ್ಲೇ ಈ ತರಬೇತಿ ನಡೆಸಬೇಕು. ಕೂಲಿ ಬಿಟ್ಟು ದೂರ ಅಲೆಯಬೇಕಾದರೆ ಬಡ ಚಾಲಕ ತರಬೇತಿಯನ್ನೇ ಕೈಬಿಡುತ್ತಾನೆ.

ಅಮಾನತು ಆದೇಶದ ಜೊತೆ ಒಂದು ಪುಟದ ಕನ್ನಡ ತಿಳಿವಳಿಕೆ ಪತ್ರ ಕೊಡಿಸಿ. ಯಾವ ದಿನದಿಂದ ಯಾವ ದಿನದವರೆಗೆ ಓಡಿಸಬಾರದು, ತರಬೇತಿ ಎಲ್ಲಿ, ಮೇಲ್ಮನವಿಗೆ 30 ದಿನಗಳ ಗಡುವು ಯಾವಾಗ ಮುಗಿಯುತ್ತದೆ, ಪಾಲಿಸಿ ಯಾಕೆ ಚಾಲ್ತಿಯಲ್ಲಿಡಬೇಕು ಎಂಬುದು ಅದರಲ್ಲಿರಲಿ. ಆದೇಶಕ್ಕೆ ಮುಂಚೆ ಚಾಲಕನ ಅಹವಾಲು ಕೇಳಬೇಕೆಂದು 19ನೇ ಕಲಮೇ ಹೇಳುತ್ತದೆ. ಆ ವಿಚಾರಣೆಗೂ ಗುಂಡ್ಲುಪೇಟೆಯಲ್ಲಿ ಒಂದು ದಿನ ಗೊತ್ತುಪಡಿಸಿ. ಊರ್ಜಿತ ಡಿಎಲ್ ಇಲ್ಲದ ಮಾಲೀಕನಿಂದ ವೈಯಕ್ತಿಕ ಅಪಘಾತ ವಿಮೆಯ ಕಂತು ಕಟ್ಟಿಸಿಕೊಳ್ಳದಂತೆ ವಿಮಾ ಕಂಪನಿಗಳ ಪ್ರತಿನಿಧಿಗಳನ್ನು ಸಮಿತಿಯ ಸಭೆಗೆ ಕರೆಸಿ ಸೂಚಿಸಬೇಕು. ಕ್ಲೇಮ್ ಸಿಗದ ವಿಮೆಗೆ ಹಣ ಪಡೆಯುವುದು ಸರಿಯಲ್ಲ.

ಸಮಿತಿಯ ಮುಂದಿನ ಸಭೆಯಲ್ಲೇ ಈ ವಿಷಯ ಮಂಡಿಸಿ, ಕೈಗೊಂಡ ನಿರ್ಣಯವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿ ಮಾಡಿದ ಮಾಲೀಕರು ಮತ್ತು ಚಾಲಕರು)

ಪ್ರತಿ: ಪ್ರಾದೇಶಿಕ ಸಾರಿಗೆ ಅಧಿಕಾರಿಗಳು ಮತ್ತು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ಚಾಮರಾಜನಗರ.